ಹಗುರ ಕೈಯ ಕಲಕುವಾಕೆ

ಒಂದು ಊರು, ಊರಿಗೊಂದು ಕೆರೆ. ಆ ಕೆರೆಯ ನೀರನ್ನು ಊರಿನವರೇ ವರ್ಷಕ್ಕೊಮ್ಮೆ ಬೇಕೆಂದು ಕೆಡಿಸುತ್ತಿದ್ದರು. ಊರಿನ ಹೆಸರೇನು ಅಂತ ಯಾರಾದರೂ ಕೇಳಿದರೆ ಅಲ್ಲಿಯವರು 'ಕೆರೆ ಊರು' ಅಂತಿದ್ದರು, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ನಾವೂ ಅಷ್ಟಕ್ಕೇ ಬಿಡೋಣ.

ಕೆಡಿಸುವ ಕ್ರಮ ಹೀಗಿತ್ತು. ಮಳೆ ನಿಂತು, ಕೆರೆ ತುಂಬಿ, ನೀರು ನೆಲೆಗೆ ಬಂದ ಮೇಲೆ ಒಂದು ಬೆಳಗ್ಗೆ ಮನೆಮನೆಯಲ್ಲೂ ಒಲೆಗೆ ನೀರು ಹೊಯ್ಯುತ್ತಿದ್ದರು. ಕಮ್ಮಾರ ಕುಲುಮೆ ಆರಿಸುತ್ತಿದ್ದ. ಕುಂಬಾರರು ಮಡಕೆ ಸುಡುವ ಆವಿಗೆ ಆರಿಸುತ್ತಿದ್ದರು. ಊರಿನಲ್ಲಿ ಒಂದು ಕಿಡಿ ಉಳಿಯುತ್ತಿರಲಿಲ್ಲ. ಒಲೆ ಆರಿಸಿದರು, ಕೆರೆಗೆ ಬಂದರು, ಮೆಟ್ಟಿಲ ಮೇಲೆ ಕೂತರು. ಆಗ ಕಲಕುವಾಕೆ ಉದ್ದನೆಯ ಬಿದಿರು ಗಳ ಹಿಡಿದು ಎದೆಮಟ್ಟದ ನೀರಿಗೆ ಇಳಿಯುತ್ತಿದ್ದಳು. ಬಾಗಿ, ಸೊಂಟದ ಬಲ ಕೊಟ್ಟು, ದೊಡ್ಡ ಹಂಡೆಯಲ್ಲಿ ಮುದ್ದೆ ತೊಳಸುವ ಹಾಗೆ ತಳದ ಕೆಸರನ್ನು ಎಬ್ಬಿಸುತ್ತಿದ್ದಳು. ನೀರು ಅಂಬಲಿಯಂತೆ ಆದ ಮೇಲೆ ಮೇಲೆ ಬಂದು ಅವಳೂ ಕೂರುತ್ತಿದ್ದಳು. ಎಲ್ಲರೂ ಕಾಯುತ್ತಿದ್ದರು.

ಕಾಯುತ್ತಿದ್ದುದು ಒಂದು ಕಲ್ಲಿಗೆ. ಮೆಟ್ಟಿಲು ಮುಗಿಯುವ ಕಡೆ, ನೀರಿನ ತಳದಲ್ಲಿ, ಒಂದು ಬಿಳಿಕಲ್ಲಿತ್ತು. ಕಲ್ಲಿನ ನೆತ್ತಿಯ ಮೇಲೆ ಕೆಂಪು ಗೆರೆ. ಕಲಕಿದ ಕೆಸರು ಕೂತು, ನೀರು ತಿಳಿಯಾಗಿ, ಆ ಗೆರೆ ಕಣ್ಣಿಗೆ ಬಿದ್ದಾಗ ಕಲಕುವಾಕೆ ಎದ್ದು ನಿಂತು "ಕಂಡಿತು!" ಅಂತ ಕೂಗಬೇಕು. ಆಮೇಲೆ ಚಕಮಕಿ ಕಲ್ಲು ಕುಟ್ಟಿ ಒಲೆ ಹಚ್ಚಬಹುದು. ಅಲ್ಲಿಯವರೆಗೆ ನೆನೆಸಿದ ಅವಲಕ್ಕಿ, ಸೌತೆಕಾಯಿ, ಕಾಯಿಬೆಲ್ಲ. ಬೇಯಿಸಿದ್ದು ಬಾಯಿಗೆ ಹೋಗುವ ಹಾಗಿಲ್ಲ.

ಹೊರಗಿನಿಂದ ಬಂದವರು ನಗುತ್ತಿದ್ದರು. ಚೆನ್ನಾಗಿರೋ ನೀರು ಕೆಡಿಸಿ ಉಪವಾಸ ಕೂರೋದು ಯಾವ ಬುದ್ಧಿ? ಊರಿನವರು ಹಿಂದಿನವರ ಮಾತು ಹೇಳುತ್ತಿದ್ದರು: "ನಿಂತವನ ಬಲ ನಿಂತಾಗ ಗೊತ್ತಾಗೋದಿಲ್ಲ. ಬಿದ್ದಾಗ ಎಷ್ಟು ಬೇಗ ಏಳ್ತಾನೆ ಅನ್ನೋದರಲ್ಲಿ ಗೊತ್ತಾಗ್ತದೆ. ನೀರೂ ಹಾಗೇ. ಮುಖ ನೋಡಿ ಮೋಸ ಹೋಗಬಾರದು."

ಆ ಕಾಲದಲ್ಲಿ ಕಲಕುವ ಕೆಲಸ ಒಬ್ಬ ಮುದುಕಿಯದಾಗಿತ್ತು. ಒಂದು ವರ್ಷ ಕಾಯುತ್ತ ಕೂತಾಗ ಅವಳು ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ನೀರಲ್ಲಿ ಏನು ಕಾಣ್ತಿದೆ ಹೇಳಿ" ಅಂದಳು.

"ಕೆಸರು" ಅಂತು ಒಂದು.

"ನನಗೆ ಇಡ್ಲಿ ಕಾಣ್ತಿದೆ" ಅಂತು ಇನ್ನೊಂದು. ಎಲ್ಲರೂ ನಕ್ಕರು.

ಒಂದು ಹುಡುಗಿ ಮಾತ್ರ ನಗದೆ ಹೇಳಿತು: "ನೀರುಹುಲ್ಲು ಇರೋ ಕಡೆ ಕೆಸರು ಆಗಲೇ ಕೂತ್ಕೊಳ್ತಿದೆ ಅಜ್ಜಿ. ಹುಲ್ಲು ಇಲ್ಲದ ಕಡೆ ಇನ್ನೂ ಎದ್ದೇ ಇದೆ."

ಮುದುಕಿ ಆ ಹುಡುಗಿಯ ಕೈ ಹಿಡಿದು ನೋಡಿದಳು, ತೋಳು ಒತ್ತಿ ನೋಡಿದಳು, ಸೊಂಟಕ್ಕೆ ಒಂದು ತಟ್ಟಿದಳು. "ಇವಳು ಸಾಕು" ಅಂದಳು. ಅವತ್ತಿನಿಂದ ಹುಡುಗಿ ಮುದುಕಿಯ ಹಿಂದೆ ಹಿಂದೆ ಕೆರೆಯ ಸುತ್ತ ತಿರುಗಿತು.

ಮುದುಕಿ ಕಲಿಸಿದ್ದು ಇಷ್ಟೇ, ಆದರೆ ಕಲಿಯಲಿಕ್ಕೆ ಹುಡುಗಿಯ ಬಾಲ್ಯವೆಲ್ಲ ಹಿಡಿಯಿತು. "ನೀರೊಳಗೆ ಒಂದು ಸಂಸಾರ ಇದೆ ಮಗಾ. ನೀರುಹುಲ್ಲು ಅಂದ್ರೆ ಮನೆಯ ಹಿರಿಸೊಸೆ. ಯಾರ ಕಣ್ಣಿಗೂ ಬೀಳಲ್ಲ, ಮನೆ ನಿಂತಿರೋದೆಲ್ಲ ಅವಳ ಕೈಲಿ. ಬೇರು ಬಿಟ್ಟು ಕೆಸರು ಹಿಡ್ಕೊಂಡಿರ್ತಾಳೆ. ಶಂಖದ ಹುಳ ಇದೆಯಲ್ಲ, ಅದು ಹುಲ್ಲಿನ ಎಲೆ ಒರೆಸಿ ಒರೆಸಿ ಇಡುತ್ತೆ. ಕಣ್ಣಿಗೆ ಕಾಣೋದೋ ಇಲ್ಲವೋ ಅನ್ನೋ ಚುಕ್ಕಿಹುಳ ಇದೆ, ಅದು ಹಸಿರು ಕುಡಿದು ನೀರು ತಿಳಿ ಮಾಡುತ್ತೆ. ಸಣ್ಣ ಮೀನು ಚುಕ್ಕಿಹುಳ ತಿನ್ನುತ್ತೆ, ದೊಡ್ಡ ಮೀನು ಸಣ್ಣ ಮೀನು ತಿನ್ನುತ್ತೆ. ಜಗಳ ಇರುತ್ತೆ. ಜಗಳ ಇಲ್ಲದ ಮನೆ ಎಲ್ಲಿದೆ? ನೀನು ಜಗಳ ನೋಡಬೇಡ. ಜಗಳ ಆದ ಮೇಲೆ ಎಷ್ಟು ಬೇಗ ಎಲ್ಲರೂ ಒಟ್ಟಿಗೆ ಉಣ್ಣೋಕೆ ಕೂರ್ತಾರೆ, ಅದನ್ನ ನೋಡು."

ಮತ್ತೆ ಹೇಳಿದಳು: "ಕಲಕುವಾಗ ಕರುಣೆ ತೋರಿಸಬೇಡ. ಪೂರ್ತಿ ಬಲ ಹಾಕು. ಅರ್ಧ ಬಲದಲ್ಲಿ ಕೇಳಿದ ಪ್ರಶ್ನೆಗೆ ಕೆರೆ ಅರ್ಧ ಉತ್ತರ ಹೇಳುತ್ತೆ."

ಮುದುಕಿ ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ಗಳ ಹುಡುಗಿಯ ಕೈಗೆ ಬಂತು. ಆಗ ಅವಳು ಹುಡುಗಿಯಲ್ಲ, ಕಲಕುವಾಕೆ.

ಮೊದಲ ವರ್ಷಗಳಲ್ಲಿ ಅವಳು ಮುದುಕಿ ಹೇಳಿಕೊಟ್ಟ ಹಾಗೇ ಕಲಕಿದಳು. ಬೆಳಗ್ಗೆ ಕಲಕಿದರೆ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಗೆರೆ ಕಾಣುತ್ತಿತ್ತು. ಒಲೆ ಆರಿಸಿದರು, ಕೆರೆಗೆ ಬಂದರು, ಕೂತರು, ಕಾದರು, ಎದ್ದು ಹೋಗಿ ಬಿಸಿ ಅನ್ನ ಉಂಡರು. ಆಮೇಲೆ ಒಂದು ವರ್ಷ ನೆರಳು ತಿರುಗಿದ ಮೇಲೆ ಕಂಡಿತು. ಇನ್ನೊಂದು ವರ್ಷ ದನ ಮನೆಗೆ ಬರುವ ಹೊತ್ತಾಯಿತು. ಕೂತವರ ಹೊಟ್ಟೆ ಹಸಿಯಿತು, ಮಕ್ಕಳು ಅತ್ತವು, ಮುದುಕರು ಮುಖ ಸಿಂಡರಿಸಿದರು.

ಆ ವರ್ಷ ಕುಂಬಾರಗಿತ್ತಿ ಹೊಸ ಬಾಣಂತಿ. ಕಲಕುವಾಕೆಯ ಪಕ್ಕದ ಮನೆಯವಳು, ಸಣ್ಣಂದಿನಿಂದ ಅಕ್ಕಾ ಅಂತ ಹಿಂದೆ ಬಿದ್ದವಳು. ಬಾಣಂತಿಗೆ ತಣ್ಣಗಿನದು ಆಗದು ಅಂತ ಯಾರಿಗೆ ಗೊತ್ತಿಲ್ಲ? ಮೈ ನಡುಗಿಸಿಕೊಂಡು ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಕೂಸು. ಎದೆಯಲ್ಲಿ ಹಾಲಿಲ್ಲ.

"ಅಕ್ಕಾ, ಬರೋ ವರ್ಷ ಕೈ ಒಂಚೂರು ಹಗುರ ಮಾಡಬಾರದಾ?" ಅಂದಳು. "ನಿನ್ನ ಕೆರೆ ಏನು ಬೇಜಾರು ಮಾಡ್ಕೊಳ್ಳುತ್ತಾ?"

"ಹಾಗೆಲ್ಲ ಮಾಡಬಾರದು ಕಣೇ."

"ಮಾಡಬಾರದು ಅಂತ ಯಾರು ನೋಡ್ತಾರೆ? ನೀರೊಳಗೆ ನೀನೊಬ್ಬಳೇ ತಾನೇ ಇರೋದು."

ಮರುವರ್ಷ ಕಲಕುವಾಕೆ ನೀರಿಗಿಳಿದಾಗ ಮೆಟ್ಟಿಲ ಮೇಲೆ ಬೇರೆ ಯಾರೋ ಬಾಣಂತಿ, ಬೇರೆ ಯಾವುದೋ ಕೂಸು. ಯಾವ ವರ್ಷ ತಾನೇ ಊರಿನಲ್ಲಿ ಬಾಣಂತಿ ಇರುವುದಿಲ್ಲ? ಅವಳ ಸೊಂಟ ಬಾಗಿತು, ಬಲ ಬೀಳಲಿಲ್ಲ. ಗಳ ಸುತ್ತಿತು, ತಳ ಮುಟ್ಟಿತು, ಒತ್ತಲಿಲ್ಲ. ನೆತ್ತಿಯ ಹೊತ್ತಿಗೆ ಗೆರೆ ಕಂಡಿತು. ಊರು ಹೋ ಅಂತ ಎದ್ದು ಒಲೆ ಹಚ್ಚಿತು. ಅವಳ ಮನೆಗೆ ಹೋಳಿಗೆ ಬಂತು, ಹೊಸ ಸೀರೆ ಬಂತು. "ಇವಳ ಕೈ ಎಷ್ಟು ಹಗುರ! ಹಿಂದಿನ ಮುದುಕಿ ಕೊಂದು ಹಾಕ್ತಿದ್ದಳು" ಅಂದರು. ಹಗುರ ಕೈಯವಳು ಅಂತಲೇ ಹೆಸರಾಯಿತು.

ಅಷ್ಟರಲ್ಲಿ ಊರಿನಲ್ಲಿ ಒಂದೊಂದೇ ಒಳ್ಳೆಯ ಕೆಲಸ ನಡೆಯುತ್ತಿತ್ತು. ಊರ ಯಜಮಾನರು ಕೆರೆಯ ನೀರುಹುಲ್ಲು ಕೊಯ್ಸಿದರು. "ಗಡ್ಡ ಬಿಟ್ಟ ಹಾಗೆ ಕಾಣ್ತದೆ, ಕೆರೆಗೂ ಒಂದು ಕ್ಷೌರ ಬೇಡವಾ?" ಅಂದರು. ಕೊಯ್ದ ಮೇಲೆ ಕೆರೆ ಮದುಮಗನ ಹಾಗೆ ಹೊಳೆಯಿತು. ಬಲೆಯವನು ದೂರದ ಹೊಳೆಯಿಂದ ಗೆಂಡೆ ಮೀನಿನ ಮರಿ ತಂದು ಬಿಟ್ಟ. ಗೆಂಡೆ ಅಂದರೆ ನೀರೊಳಗಿನ ಹಂದಿ. ಮೂತಿ ಹಾಕಿ ಕೆಸರು ಕೆದಕಿ ಕೆದಕಿ ತಿನ್ನುತ್ತದೆ, ಬೇಗ ಕೊಬ್ಬುತ್ತದೆ. ಊರಿಗೆಲ್ಲ ಮೀನು ಸಿಕ್ಕಿತು. ಕೆರೆಯ ಮೇಲುಗಡೆಯ ಹೊಲಗಳಿಗೆ ಗೊಬ್ಬರ ಹೆಚ್ಚು ಬಿತ್ತು, ಬೆಳೆ ಚೆನ್ನಾಗಿ ಬಂತು, ತೊಳೆದ ಗೊಬ್ಬರ ಮಳೆ ನೀರಿನ ಜೊತೆ ಕೆರೆಗೆ ಬಂತು. ಯಾವುದರಿಂದಲೂ ಏನೂ ಆಗಲಿಲ್ಲ. ಪ್ರತಿ ವರ್ಷ ನೆತ್ತಿಯ ಹೊತ್ತಿಗೆ ಗೆರೆ ಕಾಣುತ್ತಲೇ ಇತ್ತಲ್ಲ!

ಕೆರೆ ನಿಧಾನವಾದಷ್ಟು ಕೈ ಹಗುರವಾಯಿತು. ಕೈ ಹಗುರವಾದಷ್ಟು ಕೆರೆ ಚುರುಕಾಗಿ ಕಂಡಿತು. ಎರಡೂ ಗಂಡಹೆಂಡತಿಯ ಹಾಗೆ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು ಇಳಿಜಾರಿನಲ್ಲಿ ಇಳಿದವು. ಅವಳ ತಲೆಗೆ ಗೊತ್ತಿತ್ತೋ ಇಲ್ಲವೋ, ಕೈಗೆ ಗೊತ್ತಿತ್ತು. ಗಳ ಹಿಡಿದ ಕೈ ಪ್ರತಿ ವರ್ಷ ತಾನಾಗಿಯೇ ಇನ್ನೊಂದು ಚೂರು ಮೇಲಕ್ಕೆ ಬರುತ್ತಿತ್ತು.

ಕೊನೆಗೆ ಒಂದು ವರ್ಷ ಬಂತು. ಒಲೆ ಆರಿಸಿದರು, ಕೆರೆಗೆ ಬಂದರು, ಕೂತರು. ಅವಳು ನೀರಿಗಿಳಿದಳು. ಕೂಸಿಗೆ ಎರೆಯುವ ಮುಂಚೆ ನೀರಿನ ಬಿಸಿ ನೋಡುತ್ತಾರಲ್ಲ, ಹಾಗೆ ಗಳದ ತುದಿ ಅದ್ದಿ ಒಂದೇ ಒಂದು ಸುತ್ತು ತಿರುವಿ ಮೇಲೆ ಬಂದಳು.

ಆ ಒಂದು ಸುತ್ತು ಸಾಕಾಯಿತು. ತಳದಿಂದ ಕೆಸರು ಎದ್ದಿತು. ಎದ್ದದ್ದು ಅಲ್ಲಿಗೆ ನಿಲ್ಲಲಿಲ್ಲ, ಮೆಟ್ಟಿಲ ಮುಂದೆಲ್ಲ ಹರಡಿತು, ಕಟ್ಟೆಯ ಉದ್ದಕ್ಕೂ ಹರಡಿತು, ಆಚೆ ದಡದವರೆಗೆ ಕೆರೆಯೆಲ್ಲ ಬೇಳೆ ಕಟ್ಟಿನ ಬಣ್ಣಕ್ಕೆ ತಿರುಗಿತು. ಹೊತ್ತು ನೆತ್ತಿಗೆ ಬಂತು. ಕಾಣಲಿಲ್ಲ. ದನ ಮನೆಗೆ ಬಂದವು. ಕಾಣಲಿಲ್ಲ. ಮಾರನೆಯ ದಿನವೂ ಕಾಣಲಿಲ್ಲ, ಅದರ ಮಾರನೆಯ ದಿನ ಕೆಸರಿನ ಮೇಲೆ ಹಸಿರು ಕೆನೆಗಟ್ಟಿತು.

ಒಲೆಗಳು ತಣ್ಣಗಿದ್ದವು. ಅವಲಕ್ಕಿ ಮುಗಿಯಿತು, ಸೌತೆಬಳ್ಳಿ ಬರಿದಾಯಿತು. ಹಸಿ ಅಕ್ಕಿ ನೆನೆಸಿ ಅಗಿದರು. ಕುಂಬಾರಗಿತ್ತಿಯ ಮನೆಯಲ್ಲಿ ಹಸಿ ಮಡಕೆಗಳು ಸಾಲಾಗಿ ಕೂತು ಬಿರುಕು ಬಿಟ್ಟವು. ಮುದುಕರಿಗೆ ಹೊಟ್ಟೆ ಕೆಟ್ಟಿತು.

ಆಗ ಯಜಮಾನರು ಮೆಟ್ಟಿಲ ಮೇಲೆ ನಿಂತು ಒಂದು ಉಪಾಯ ಹೇಳಿದರು. "ಕಲ್ಲು ಕಾಣಬೇಕು ತಾನೇ? ಕೆಳಗಿರೋದಕ್ಕೆ ಕಾಣ್ತಿಲ್ಲ. ನಾಲ್ಕು ಜನ ಇಳಿದು ಕಲ್ಲು ಎತ್ತಿ ಮೇಲಿನ ಮೆಟ್ಟಿಲಿಗೆ ತಂದಿಡಿ. ಬೆರಳುದ್ದ ನೀರಿನಲ್ಲಿ ಕಾಣದೆ ಎಲ್ಲಿಗೆ ಹೋಗುತ್ತೆ?"

ಜನಕ್ಕೆ ಸಮಾಧಾನವಾಯಿತು. ಗಟ್ಟಿಗರು ಪಂಚೆ ಎತ್ತಿ ಕಟ್ಟಿದರು.

ಯಜಮಾನರು ಕಲಕುವಾಕೆಯ ಕಡೆ ತಿರುಗಿದರು. "ನೀನು ಒಂದು ಮಾತು ಕೂಗಿದರೆ ಆಯ್ತಮ್ಮ. ಸುಳ್ಳೂ ಅಲ್ಲ. ಕಂಡೇ ಕಾಣುತ್ತಲ್ಲ."

ಕೂಗಿದರೆ ಊರಿಗೆ ಬೆಂಕಿ, ಅವಳಿಗೆ ಹೆಸರು. ಕೂಗದಿದ್ದರೆ ಯಾಕೆ ಅಂತ ಹೇಳಬೇಕು. ಹೇಳಿದರೆ ಹೋಳಿಗೆ, ಸೀರೆ, ಹಗುರ ಕೈಯವಳು ಅನ್ನುವ ಹೆಸರು, ಕೊನೆಗೆ ಕೈಯಲ್ಲಿದ್ದ ಗಳ, ಎಲ್ಲವೂ ಹೋಗಬಹುದು. ಬೇರೆ ಕೆಲಸ ಅವಳಿಗೆ ಬರುತ್ತಿರಲಿಲ್ಲ.

"ಕಲ್ಲು ಎತ್ತಬೇಡಿ" ಅಂದಳು. "ಕೆರೆ ಇವತ್ತು ಕೆಟ್ಟದ್ದಲ್ಲ. ವರ್ಷ ವರ್ಷ ಏಳೋಕೆ ತಡ ಮಾಡ್ತಿತ್ತು. ನಾನು ಮೆತ್ತಗೆ ಕಲಕಿ ಕಲಕಿ ನಿಮಗೆ ಬೇಗ ಕಾಣೋ ಹಾಗೆ ಮಾಡ್ತಿದ್ದೆ. ಬಲ ಹಾಕಿ ಕಲಕೋದು ಬಿಟ್ಟು ಬಹಳ ಕಾಲ ಆಯ್ತು."

ಅಷ್ಟು ಹೇಳಿ ತಲೆ ತಗ್ಗಿಸಿದಳು. ಯಾರಾದರೂ ಬೈಯಲಿ ಅಂತ ಕಾದಳು.

"ಗೊತ್ತು ಬಿಡವ್ವ" ಅಂದ ಬಲೆಯವನು. "ನಾವೇನು ಕುರುಡರಾ? ಕೋಳಿ ಕೆದಕಿದ ಹಾಗೆ ಕೆದಕಿ ಬರ್ತಿದ್ದೆ."

"ಹೂಂ, ನನ್ನ ಸೊಸೆ ಮಜ್ಜಿಗೆ ಕಡೆಯೋದೇ ಇದಕ್ಕಿಂತ ಜೋರು" ಅಂದಳು ಒಬ್ಬ ಮುದುಕಿ. ಹಸಿದ ಹೊಟ್ಟೆಯಲ್ಲೂ ಜನ ನಕ್ಕರು.

ಎಲ್ಲರಿಗೂ ಗೊತ್ತಿತ್ತು! ಅವಳು ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದನ್ನು ಊರೆಲ್ಲ ಸೇರಿ ಮುಚ್ಚಿಕೊಂಡು ಕೂತಿತ್ತು. ಬೈದಿದ್ದರೆ ಇಷ್ಟು ಭಾರ ಆಗುತ್ತಿರಲಿಲ್ಲ ಅನ್ನಿಸಿತು ಅವಳಿಗೆ.

"ಆದದ್ದಾಯ್ತು" ಅಂದರು ಯಜಮಾನರು. "ಏನು ಮಾಡಿ ಕೆಡಿಸಿದ್ದೇವೋ ಅದನ್ನ ಬಿಟ್ಟರಾಯ್ತು. ಇನ್ನು ಹುಲ್ಲು ಕೊಯ್ಯೋದಿಲ್ಲ. ಗೊಬ್ಬರ ಕಡಿಮೆ ಮಾಡ್ತೀವಿ. ಮೀನು ಅರ್ಧ ಹಿಡಿದು ಹಾಕ್ತೀವಿ. ಮೊದಲಿನ ಹಾಗಾಗುತ್ತೆ ತಾನೇ?"

"ಆಗೋದಿಲ್ಲ ಯಜಮಾನ್ರೇ. ಹಾಲಿಗೆ ಹೆಪ್ಪು ಹಾಕಿದಿರಿ, ಮೊಸರಾಯ್ತು. ಈಗ ಹೆಪ್ಪು ತೆಗೆದುಬಿಟ್ಟರೆ ಹಾಲಾಗುತ್ತಾ?"

ಇದು ಎಲ್ಲರಿಗೂ ಅರ್ಥವಾಯಿತು.

"ಹಾಗಾದ್ರೆ ಪಾತ್ರೆ ತೊಳೆದು ಹೊಸದಾಗಿ ಹಸು ಕರೀಬೇಕು" ಅಂದ ಬಲೆಯವನು, ಏನೋ ತಮಾಷೆಗೆ.

"ಅದೇ" ಅಂದಳು ಕಲಕುವಾಕೆ. "ತೂಬು ಎತ್ತಿ ಕೆರೆ ಖಾಲಿ ಮಾಡಬೇಕು. ಗೆಂಡೆ ಒಂದೂ ಉಳಿಯಬಾರದು. ತಳ ಬಿಸಿಲಿಗೆ ಒಣಗಬೇಕು, ಒಡೆಯಬೇಕು. ಮೇಲಿನ ಗೋಡು ಮಣ್ಣು ಎತ್ತಿ ಹೊರಗೆ ಹಾಕಬೇಕು. ಕೆಳಗಡೆ ಹಳೇ ಹುಲ್ಲಿನ ಬೀಜ ಇನ್ನೂ ಇದ್ದರೆ, ಮಳೆ ಬಂದರೆ, ಅವು ಮೊಳೆತರೆ, ಆಗ ನೋಡೋಣ."

"ಇದ್ದರೆ, ಬಂದರೆ, ಮೊಳೆತರೆ" ಅಂತ ಕುಂಬಾರಗಿತ್ತಿ ಅಣಕಿಸಿದಳು. "ಅಕ್ಕಾ, ನಿನಗೆ ತಲೆ ಕೆಟ್ಟಿದೆ. ಇರೋ ನೀರು ಚೆಲ್ಲಿ ಇಲ್ಲದ ನೀರಿಗೆ ಕಾಯಬೇಕಾ? ಅಲ್ಲೀವರೆಗೆ ಕುಡಿಯೋದೇನು, ನಿನ್ನ ಮಾತಾ?"

ಈಗ ಜನಕ್ಕೆ ನಿಜವಾಗಿ ಸಿಟ್ಟು ಬಂತು. ಹಗುರ ಕೈಗೆ ಬರದ ಸಿಟ್ಟು ಈ ಮಾತಿಗೆ ಬಂತು. ಗಳ ಕಿತ್ತುಕೊಳ್ಳಿ ಅಂದರು, ಬೇರೆಯವಳನ್ನು ಇಡಿ ಅಂದರು. ಅವಳು ಗಳ ಕೊಡಲಿಲ್ಲ, ಮಾತೂ ಬದಲಿಸಲಿಲ್ಲ.

ಯಜಮಾನರು ಮಾತ್ರ ಗಡ್ಡ ಕೆರೆದುಕೊಳ್ಳುತ್ತ ಯೋಚಿಸುತ್ತಿದ್ದರು. ಆಮೇಲೆ ಕೈ ಎತ್ತಿದರು.

"ತಡೀರಿ. ಕೆರೆ ಖಾಲಿಯಾದರೆ ಬಿಳಿಕಲ್ಲು ಕಾಣುತ್ತೆ. ಅಲ್ಲವಾ?"

"ಕಾಣುತ್ತೆ."

"ಕೆಂಪು ಗೆರೆ?"

"ಅದೂ ಕಾಣುತ್ತೆ."

"ಕಲ್ಲು ಕಂಡರೆ ಒಲೆ ಹಚ್ಚಬಹುದು ಅಂತ ತಾನೇ ಕಟ್ಟಳೆ? ಅದರಲ್ಲಿ ನೀರಿರಬೇಕು ಅಂತ ಎಲ್ಲಿದೆ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲಿಯೂ ಇರಲಿಲ್ಲ. ಹಿಂದಿನವರಿಗೆ ಅದನ್ನು ಹೇಳಬೇಕು ಅಂತಲೇ ಹೊಳೆದಿರಲಿಲ್ಲ. "ಎತ್ತಿರೋ ತೂಬು!" ಅಂತ ಯಾರೋ ಕೂಗಿದರು. ಕೆರೆ ಉಳಿಯಲಿ ಅಂತ ಯಾರೂ ಓಡಲಿಲ್ಲ, ಒಲೆ ಉರಿಯಲಿ ಅಂತ ಓಡಿದರು. ತಪ್ಪು ಕಾರಣಕ್ಕೆ ಸರಿ ಕೆಲಸ ನಡೆಯುವಾಗ ಅಡ್ಡ ನಿಲ್ಲಬಾರದು ಅಂತ ಕಲಕುವಾಕೆ ದಾರಿ ಬಿಟ್ಟಳು.

ನೀರು ಹಳ್ಳಕ್ಕೆ ಬಿದ್ದು ಹೋಯಿತು. ಕುಡಿಯಲಿಕ್ಕೆ ಹಳ್ಳದ ಮರಳಿನಲ್ಲಿ ಒರತೆ ತೋಡಿಕೊಂಡರು. ತಳದ ಕೆಸರಿನಲ್ಲಿ ಗೆಂಡೆಗಳು ಒದ್ದಾಡುತ್ತಿದ್ದವು, ಮಕ್ಕಳೂ ಮುದುಕರೂ ಬುಟ್ಟಿ ತಂದು ಬಾಚಿದರು. ಮೆಟ್ಟಿಲ ಕೊನೆಯಲ್ಲಿ ಬಿಳಿಕಲ್ಲು ಬೋಳುಬೋಳಾಗಿ ಬಿಸಿಲಿಗೆ ಕೂತಿತ್ತು.

ಎಲ್ಲರೂ ಕಲಕುವಾಕೆಯನ್ನು ನೋಡಿದರು. ಅವಳು ಕೂಗಲಿಲ್ಲ.

"ನೀವು ಕಲ್ಲು ಕಂಡಿರಿ, ಹಚ್ಚಿಕೊಳ್ಳಿ" ಅಂದಳು. "ನಾನು ನೀರಿನ ಮೂಲಕ ಕಾಣಬೇಕಾದವಳು. ಕಾಣೋವರೆಗೆ ನನ್ನ ಒಲೆ ಹಚ್ಚೋದಿಲ್ಲ."

ಯಜಮಾನರೇ "ಕಂಡಿತು!" ಅಂತ ಕೂಗಿದರು. ಅವತ್ತು ಊರೆಲ್ಲ ಮೀನು ಸಾರಿನ ಘಮ. ಕಲಕುವಾಕೆ ಜಗುಲಿಯ ಮೇಲೆ ಕೂತು ಹಸಿ ಅಕ್ಕಿ ಅಗಿದಳು.

ಮೊದಮೊದಲು ಜನ ಬೇಜಾರು ಮಾಡಿಕೊಂಡರು. ಆಮೇಲೆ ಆಡಿಕೊಂಡರು. ಬೆಳಗ್ಗೆ ಒರತೆಯ ಹತ್ತಿರ ಸಿಕ್ಕಾಗ "ಏನಮ್ಮಾ, ಇವತ್ತು ಏನು ಅಡಿಗೆ?" ಅಂತ ಕೇಳುವುದು ಒಂದು ವಾಡಿಕೆಯಾಯಿತು. "ಮೂಲಂಗಿ" ಅನ್ನುತ್ತಿದ್ದಳು. "ಹೋಗಲಿ, ಹೆಚ್ಚಿಕೊಂಡಾದರೂ ತಿಂತೀಯಾ?" ಅನ್ನುತ್ತಿದ್ದರು. ಕುಂಬಾರಗಿತ್ತಿ ಒಂದು ದಿನ ಬಿಸಿ ಗಂಜಿಯ ಮಡಕೆ ತಂದು ಜಗುಲಿಯ ಮೇಲೆ ಕುಕ್ಕಿದಳು.

"ಇದು ನಿನ್ನ ಒಲೆಯದಲ್ಲ, ನನ್ನ ಒಲೆಯದು. ಕುಡಿ."

"ಒಲೆ ಯಾರದ್ದಾದರೇನೇ, ಬಾಯಿ ನನ್ನದು."

"ಬಾಣಂತಿ ನಾನು ಕೇಳಿದೆ ಅಂತ ನೀನು ಕೈ ಹಗುರ ಮಾಡಿದೆ. ಈಗ ನನ್ನ ಮುಖದ ಎದುರಿಗೇ ಒಣಗಿ ಸಾಯ್ತೀಯಾ? ಇದು ಯಾವ ಸೀಮೆ ನ್ಯಾಯ?"

"ನಿನ್ನ ಮಾತಿಗೆ ಮಾಡಿದ್ದು ಒಂದೇ ವರ್ಷ ಕಣೇ. ಮಿಕ್ಕಿದ್ದೆಲ್ಲ ನನಗೋಸ್ಕರ. ಹೋಳಿಗೆ ರುಚಿ ಹತ್ತಿತ್ತು."

ಕುಂಬಾರಗಿತ್ತಿ ಮಡಕೆ ಎತ್ತಿಕೊಂಡು ಹೋದಳು. ಹೋಗುವಾಗ ಎರಡು ಸೌತೆಕಾಯಿ ಬಿಟ್ಟು ಹೋದಳು.

ಬೇಸಿಗೆ ಬಂತು. ತಳ ಒಣಗಿತು, ಒಡೆಯಿತು, ಬಿರುಕಿನಲ್ಲಿ ಕೈ ಹೋಗುವಷ್ಟಾಯಿತು. ಜನ ಗೋಡು ತುಂಬಿಕೊಂಡು ಹೊಲಕ್ಕೆ ಹೊಡೆದರು. ಪುಕ್ಕಟೆ ಗೊಬ್ಬರ ಯಾರಿಗೆ ಬೇಡ? ಕಲಕುವಾಕೆ ದಿನಾ ಬಿಸಿಲಿನಲ್ಲಿ ಕೆರೆಯ ತಳದಲ್ಲಿ ತಿರುಗಿದಳು. ಬಿರುಕಿನೊಳಗೆ ಕೈ ಹಾಕಿ ಮಣ್ಣು ತೆಗೆದು ಅಂಗೈ ಮೇಲೆ ಪುಡಿ ಮಾಡಿ ನೋಡುತ್ತಿದ್ದಳು. ಸಾಸಿವೆಗಿಂತ ಸಣ್ಣ ಕಾಳುಗಳು. ಬೀಜವೋ ಮರಳೋ ಹೇಳಲಿಕ್ಕಾಗುತ್ತಿರಲಿಲ್ಲ. ಮುದುಕಿಯೂ ಇದನ್ನು ಹೇಳಿಕೊಟ್ಟಿರಲಿಲ್ಲ. ಅವಳ ಕಾಲದಲ್ಲಿ ಕೆರೆ ಬಿದ್ದಿದ್ದರೆ ತಾನೇ!

ಮಳೆ ತಡವಾಗಿ ಬಂತು, ಆದರೂ ಬಂತು. ಮೊದಲು ಬಂದ ನೀರು ಕೆಂಪು. ಮೊಳಕಾಲುದ್ದ ನಿಂತಾಗ ಅವಳು ಇಳಿದು ಬರಿಗಾಲಿನಲ್ಲಿ ತಳ ಸವರಿದಳು. ಏನೂ ಇಲ್ಲ. ಇನ್ನೊಂದು ಮಳೆಯಾಯಿತು, ಸವರಿದಳು, ಏನೂ ಇಲ್ಲ. ಮತ್ತೊಂದು ಸಲ ಸವರಿದಾಗ ಅಂಗಾಲಿಗೆ ಕಚಗುಳಿಯಾಯಿತು. ಬಗ್ಗಿ ಕೈಯಿಂದ ಮುಟ್ಟಿದಳು. ಎಳೆ ಕೂಸಿನ ತಲೆಗೂದಲಿನಂಥ ಹುಲ್ಲು. ಅಲ್ಲೊಂದು ತೇಪೆ, ಇಲ್ಲೊಂದು ತೇಪೆ. ಯಾರಿಗೂ ಹೇಳಲಿಲ್ಲ. ಹೇಳುವ ಕಾಲ ಇನ್ನೂ ಬಂದಿರಲಿಲ್ಲ.

ಕೆರೆ ತುಂಬಿತು, ನೀರು ನೆಲೆಗೆ ನಿಂತಿತು. ಕಲಕುವ ಬೆಳಗ್ಗೆ ಬಂತು. ಒಲೆ ಆರಿಸಿದರು, ಕೆರೆಗೆ ಬಂದರು, ಕೂತರು. ಕಾಣದೆ ಹೋದರೆ ಮತ್ತೆ ತೂಬು ಎತ್ತೋಣ ಅಂತ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒರತೆಗಳು ಬತ್ತುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು.

ವರ್ಷವೆಲ್ಲ ಹಸಿಯದನ್ನೇ ತಿಂದ ಅವಳ ಮೈಯಲ್ಲಿ ಎಲುಬು ಎದ್ದು ಕಾಣುತ್ತಿತ್ತು. ಆ ಮೈಯಿಂದಲೇ ಎದೆಮಟ್ಟದ ನೀರಿಗಿಳಿದಳು. ಬಾಗಿದಳು. ಸೊಂಟ ಕೊಟ್ಟಳು. ಒತ್ತಿದಳು. ಗಳ ಬಿಲ್ಲಿನ ಹಾಗೆ ಬಗ್ಗಿತು, ತಳ ಗುಡುಗಿದ ಹಾಗಾಯಿತು, ಕೆಸರು ಕುದಿದು ಎದ್ದಿತು. ಅವಳು ನಿಲ್ಲಿಸಲಿಲ್ಲ. ತನ್ನ ಕೈಯಾರೆ ಎಳೆ ಹುಲ್ಲನ್ನು ಬೇರು ಸಮೇತ ಕೀಳುತ್ತಿದ್ದೇನೆ ಅಂತ ಗೊತ್ತಿದ್ದೂ ನಿಲ್ಲಿಸಲಿಲ್ಲ. ನೀರು ಅಂಬಲಿಯಾದ ಮೇಲೆ ಮೆಟ್ಟಿಲು ಹತ್ತಲು ತ್ರಾಣವಿರಲಿಲ್ಲ; ಬಲೆಯವನು ಕೈ ಕೊಟ್ಟು ಎಳೆದುಕೊಂಡ.

ಕಾದರು. ಹೊತ್ತು ನೆತ್ತಿಗೆ ಬಂತು, ಕಾಣಲಿಲ್ಲ. ನೆರಳು ಉದ್ದವಾಯಿತು, ಕಾಣಲಿಲ್ಲ. ಮಾರನೆಯ ದಿನ ಮತ್ತೆ ಬಂದು ಕೂತರು. ಅವತ್ತು ಮಧ್ಯಾಹ್ನ ಊರಿನ ಯಾವುದೋ ಮನೆಯ ಮೇಲೆ ತೆಳ್ಳಗೆ ಹೊಗೆ ಎದ್ದಿತು. ಕೂತವರೆಲ್ಲ ತಿರುಗಿ ನೋಡಿದರು. ಯಾರ ಮನೆ ಅಂತ ಎಲ್ಲರಿಗೂ ಗೊತ್ತಾಯಿತು, ಯಾರೂ ಹೆಸರು ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹೊಗೆ ತಾನಾಗಿ ನಿಂತಿತು. ಮನೆಯವರಿಗೇ ನಾಚಿಕೆಯಾಯಿತೋ, ಸೌದೆ ಹಸಿಯಾಗಿತ್ತೋ.

ಯಜಮಾನರು ಕೆಳಗಿನ ಮೆಟ್ಟಿಲಿಗೆ ಇಳಿದು ಕಣ್ಣು ಕಿರಿದು ಮಾಡಿದರು. "ಬೆಳ್ಳಗೆ ಏನೋ ಇದೆಯಲ್ಲಮ್ಮಾ."

"ಇದೆ. ಗೆರೆ ಕಾಣ್ತಿದೆಯಾ?"

"ಗೆರೆ... ಅಂದಾಜಿಗೆ..."

"ಅಂದಾಜು ಬೇಡ. ಕೂತ್ಕೊಳ್ಳಿ ಯಜಮಾನ್ರೇ."

ಯಜಮಾನರು ಕೂತರು. ಹಾಗೆ ಅವರಿಗೆ ಹೇಳಿದವರು ಅದುವರೆಗೆ ಆ ಊರಿನಲ್ಲಿ ಯಾರೂ ಇರಲಿಲ್ಲ.

ಬಿಳುಪು ಒಂದು ಕಡೆ ಗಟ್ಟಿಯಾಯಿತು. ಅಂಚು ಬಂತು. ಕಲ್ಲಿನ ಪಕ್ಕದಲ್ಲಿ ಕಲಕಿದಾಗ ಕಿತ್ತುಹೋಗದೆ ಉಳಿದ ಹುಲ್ಲಿನ ಎಸಳು ನಿಂತಿತ್ತು, ಅದರ ಸುತ್ತ ಮೊದಲು ತಿಳಿಯಾಯಿತು, ಅಲ್ಲಿಂದ ತಿಳಿ ಹರಡಿತು. ಕುಂಬಾರಗಿತ್ತಿ ಕಲಕುವಾಕೆಯ ಬಾಯಿಯನ್ನೇ ನೋಡುತ್ತಿದ್ದಳು. ಆ ಬಾಯಿ ತೆರೆಯಲಿಲ್ಲ. ಇನ್ನೂ ತೆರೆಯಲಿಲ್ಲ. ಬಿಳುಪಿನ ನೆತ್ತಿಯ ಮೇಲೆ ಕೂದಲೆಳೆಯಂತೆ ಕೆಂಪು ಮೂಡಿ, ನೀರು ಒಮ್ಮೆ ತುಳುಕಿ, ಮತ್ತೆ ನಿಂತು, ಕೆಂಪು ಅಲ್ಲೇ ಉಳಿದಾಗ ಅವಳು ಮೊಳಕಾಲು ಹಿಡಿದು ಎದ್ದು ನಿಂತಳು.

"ಕಂಡಿತು!"

ಜನ ಬಿದ್ದೆನೋ ಎದ್ದೆನೋ ಅಂತ ಮನೆಗೆ ಓಡಿದರು. ಶಹಬ್ಬಾಸ್ ಅನ್ನಲು ಒಬ್ಬರೂ ನಿಲ್ಲಲಿಲ್ಲ. ಹಸಿದವರು ಯಾಕೆ ನಿಲ್ಲುತ್ತಾರೆ? ಕ್ಷಣದಲ್ಲಿ ಊರಿನ ಮೇಲೆಲ್ಲ ಹೊಗೆ. ಕಲಕುವಾಕೆ ಗಳವನ್ನು ಊರುಗೋಲು ಮಾಡಿಕೊಂಡು ಮೆಲ್ಲಗೆ ಮನೆಗೆ ಬಂದಳು. ಚಕಮಕಿ ತೆಗೆದುಕೊಂಡು ಅಡಿಗೆ ಮನೆಗೆ ಹೋಗಿ ಬಗ್ಗಿದಳು.

ಒಲೆಯೊಳಗೆ ಬೆಕ್ಕು ಮರಿ ಹಾಕಿತ್ತು. ವರ್ಷದಿಂದ ತಣ್ಣಗಿದ್ದ ಬೂದಿಯ ಮೇಲೆ ಕಣ್ಣು ಬಿಡದ ಮರಿಗಳು ಒಂದರ ಮೇಲೊಂದು ಮಲಗಿದ್ದವು. ತಾಯಿ ಬೆಕ್ಕು ಅವಳನ್ನು ನೋಡಿ ಗುರ್ ಅಂದಿತು.

"ಆಯ್ತಮ್ಮ, ನಿನ್ನದೇ ಇಟ್ಟುಕೋ" ಅಂದಳು.

ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿದಳು. ಬೆಂಕಿ ಊದುವುದೇ ಮರೆತಂತಾಗಿತ್ತು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಬೇಲಿಯಾಚೆಯಿಂದ ಕುಂಬಾರಗಿತ್ತಿ ಒಂದು ಕೆಂಡ ತಂದು ಹಾಕಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ರಾಗಿ ಹಿಟ್ಟು ಬೆಂದಿತು. ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿದರು. ಮೊದಲ ತುತ್ತು ಕಲಕುವಾಕೆಯ ನಾಲಿಗೆ ಸುಟ್ಟಿತು. ಉಗುಳಲಿಲ್ಲ. ಬಾಯೊ‌ಳಗೇ ಆಚೆ ಈಚೆ ಹೊರಳಿಸಿ, ಉಫ್ ಉಫ್ ಅಂತ ಊದಿಕೊಂಡು ನುಂಗಿ, ಇನ್ನೊಂದು ತುತ್ತಿಗೆ ಕೈ ಹಾಕಿದಳು.